ತೊಗಟೆ ಪುಡಿ, ಐವತ್ತು ಜನ ಮತ್ತು ನಮ್ಮವ್ವನ ಬೆರಳು

ಕಳೆದ ಭಾನುವಾರದ ಮಾತಿನ ಬರಹರೂಪ ಇದು. ವಿಡಿಯೊ ನಲವತ್ತು ನಿಮಿಷ ದಾಟಬಾರದು ಅಂತ ನಮ್ಮದೇ ಒಂದು ನಿಯಮ ಇದೆ. ಅದಕ್ಕೇ ಅಲ್ಲಿ ಒಂದಷ್ಟು ಲೆಕ್ಕ ಬಿಟ್ಟುಹೋಗಿತ್ತು, ಇಲ್ಲಿ ಸೇರಿಸಿದ್ದೀನಿ. ಮನೆಯ ವಿಷಯ ಒಂದನ್ನ ಕ್ಯಾಮೆರಾ ಮುಂದೆ ಪೂರ್ತಿ ಹೇಳೋಕೆ ಆಗಲಿಲ್ಲ. ಅದೂ ಇಲ್ಲಿದೆ.

ಹೊಸದಾಗಿ ಬಂದವರಿಗೆ ಒಂದು ಮಾತು: ನಾನು ಹಾವೇರಿ ಕಡೆಯವನು. ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೀನಿ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಕೋಡ್ ಎಲ್ಲಿ ಮುರಿದು ಬೀಳುತ್ತೆ ಅಂತ ಹುಡುಕೋದೇ ಕೆಲಸ. ಆ ಚಟ ಆಫೀಸಿನಲ್ಲೇ ಬಿಟ್ಟು ಬರೋಕೆ ಆಗಲ್ಲ ಅನ್ನೋದು ಈ ಬರಹ ಓದಿದ್ರೆ ಗೊತ್ತಾಗುತ್ತೆ.

ಇವತ್ತಿನ ಕಥೆಯ ಮರ ನಿಮಗೆಲ್ಲ ಪರಿಚಯದ್ದೇ. ಕ್ರಿಕೆಟ್ ಬ್ಯಾಟ್ ಮೇಲೆ 'ಇಂಗ್ಲಿಷ್ ವಿಲ್ಲೋ', 'ಕಾಶ್ಮೀರ್ ವಿಲ್ಲೋ' ಅಂತ ಬರೆದಿರುತ್ತಲ್ಲ, ಅದೇ ವಿಲ್ಲೋ. ನೀರು ನಿಲ್ಲೋ ಜಾಗದಲ್ಲಿ, ಹೊಳೆದಂಡೆಯಲ್ಲಿ ಬೆಳೆಯೋ ಮರ. ಕಟ್ಟಿಗೆ ಹಗುರ, ಚೆಂಡು ಬಿದ್ದರೂ ಸೀಳಲ್ಲ. ನಾವು ಚಿಕ್ಕವರಿದ್ದಾಗ ಆ ಬ್ಯಾಟ್ ಊರಲ್ಲಿ ಒಬ್ಬನ ಹತ್ತಿರ ಮಾತ್ರ ಇತ್ತು. ಅವನು ಔಟಾದ್ರೆ ಆಟ ಮುಗೀತು, ಬ್ಯಾಟ್ ತಗೊಂಡು ಮನೆಗೆ ಹೋಗಿಬಿಡ್ತಿದ್ದ. ಆ ಮರದ ಕಟ್ಟಿಗೆಗಿಂತ ಅದರ ತೊಗಟೆಯ ಕಥೆ ದೊಡ್ಡದು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ ಚಿಪ್ಪಿಂಗ್ ನಾರ್ಟನ್ ಅಂತ ಒಂದು ಊರು. ಅಲ್ಲಿ ಎಡ್ವರ್ಡ್ ಸ್ಟೋನ್ ಅಂತ ಒಬ್ಬ ಪಾದ್ರಿ ಇದ್ದರು. ವೈದ್ಯರಲ್ಲ. 1763ರ ಏಪ್ರಿಲ್ 25ರಂದು ಅವರು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಒಂದು ಪತ್ರ ಬರೆದರು. ಸುಮಾರು ಆರು ವರ್ಷದ ಹಿಂದೆ ಆಕಸ್ಮಿಕವಾಗಿ ವಿಲ್ಲೋ ತೊಗಟೆ ಬಾಯಿಗೆ ಹಾಕಿಕೊಂಡಿದ್ದರಂತೆ, ವಿಪರೀತ ಕಹಿ. ಆ ಕಹಿ ಅವರಿಗೆ ಪೆರುವಿನ ತೊಗಟೆಯನ್ನ ನೆನಪಿಸಿತು. ಪೆರುವಿನ ತೊಗಟೆ ಅಂದರೆ ಸಿಂಕೋನಾ. ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬರ್ತಿತ್ತು, ಚಳಿಜ್ವರಕ್ಕೆ ಅದೊಂದೇ ಮದ್ದು, ಬೆಲೆ ಮಾತ್ರ ಬಡವರ ಕೈಗೆ ಎಟುಕದ್ದು. ಸ್ಟೋನ್ ಇನ್ನೊಂದು ತರ್ಕವನ್ನೂ ಸೇರಿಸಿದರು: ಚಳಿಜ್ವರ ಬರೋದು ಜೌಗು ನೆಲದಲ್ಲಿ, ವಿಲ್ಲೋ ಬೆಳೆಯೋದೂ ಜೌಗು ನೆಲದಲ್ಲಿ. ರೋಗ ಇದ್ದಲ್ಲೇ ದೇವರು ಮದ್ದನ್ನೂ ಇಟ್ಟಿರ್ತಾನೆ.

ಈ ತರ್ಕ ನಮಗೆ ಹೊಸದೇನಲ್ಲ. ಅಖರೋಟು ಮಿದುಳಿನ ಹಾಗೆ ಕಾಣುತ್ತೆ, ಹಾಗಾಗಿ ಮಿದುಳಿಗೆ ಒಳ್ಳೇದು ಅಂತ ಫ್ಯಾಮಿಲಿ ಗ್ರೂಪಿನಲ್ಲಿ ತಿಂಗಳಿಗೊಮ್ಮೆ ಬಂದೇ ಬರುತ್ತೆ.

ಆದರೆ ಸ್ಟೋನ್ ತರ್ಕಕ್ಕೆ ನಿಲ್ಲಿಸಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ. ಸುಮಾರು ಒಂದು ಪೌಂಡ್, ಅಂದರೆ ಅರ್ಧ ಕೆಜಿಗೆ ಸ್ವಲ್ಪ ಕಡಿಮೆ, ತೊಗಟೆ ಕೂಡಿಸಿ ಚೀಲಕ್ಕೆ ತುಂಬಿದರು. ಬ್ರೆಡ್ ಮಾಡೋನ ಒಲೆಯ ಹೊರಗೋಡೆಗೆ ಮೂರು ತಿಂಗಳಿಗೂ ಹೆಚ್ಚು ಕಾಲ ತೂಗುಹಾಕಿ ಒಣಗಿಸಿದರು. ಕುಟ್ಟಿ, ಜರಡಿ ಹಿಡಿದು, ಪುಡಿ ಮಾಡಿದರು. ಜ್ವರ ಬಂದವರಿಗೆ ಮೊದಲು ಹೆದರಿಕೊಂಡೇ ಸಣ್ಣ ಪ್ರಮಾಣ, 20 ಗ್ರೇನ್ ಪುಡಿ, ನಾಲ್ಕು ಗಂಟೆಗೊಮ್ಮೆ. ಸ್ವಲ್ಪ ಗುಣ ಕಂಡಿತು, ಪೂರ್ತಿ ಹೋಗಲಿಲ್ಲ. ಡೋಸ್ ಏರಿಸಿದರು. ಕೊನೆಗೆ ಒಂದು ಡ್ರಾಮ್, ಅಂದರೆ 60 ಗ್ರೇನ್. ಐದು ವರ್ಷದಲ್ಲಿ ಸುಮಾರು ಐವತ್ತು ಜನಕ್ಕೆ ಕೊಟ್ಟರು. ಹೆಚ್ಚಿನವರಿಗೆ ವಾಸಿಯಾಯಿತು ಅಂದರು. ಎಲ್ಲಿ ಸೋತೆ ಅನ್ನೋದನ್ನೂ ಬರೆದರು: ಶರತ್ಕಾಲದ ಹಟಮಾರಿ ಜ್ವರಗಳು, ಬಹಳ ದಿನದಿಂದ ಮೈಯಲ್ಲಿ ಬೇರೂರಿದ ಜ್ವರಗಳು. ಅಂಥವರಿಗೆ ಐದನೇ ಒಂದು ಪಾಲು ಪೆರುವಿನ ತೊಗಟೆ ಬೆರೆಸಿ ಕೊಟ್ಟೆ, ಆಗ ಹೋಯಿತು ಅಂತ.

ಈ ಕೊನೆಯ ಸಾಲು ಇದೆಯಲ್ಲ, ಅದು ಬಗ್ ರಿಪೋರ್ಟ್. ತನ್ನ ಔಷಧಿ ಸೋತ ಜಾಗವನ್ನ ತಾನೇ ಗುರುತು ಹಾಕಿ ಕೊಟ್ಟ ಮನುಷ್ಯ. ಇವತ್ತು ನಮಗೆ ಕಾರಣ ಗೊತ್ತು. ಸಿಂಕೋನಾದ ಕ್ವಿನೈನ್ ಮಲೇರಿಯಾ ಪರಾವಲಂಬಿಯನ್ನೇ ಕೊಲ್ಲುತ್ತೆ. ವಿಲ್ಲೋದ ಸತ್ವ ಮೈಯ ಬಿಸಿ ಮತ್ತು ನೋವನ್ನ ಇಳಿಸುತ್ತೆ, ಪರಾವಲಂಬಿಯ ತಂಟೆಗೆ ಹೋಗಲ್ಲ. ಎರಡೂ ಕಹಿ ಅನ್ನೋದು ಬಿಟ್ಟರೆ ಸಂಬಂಧವೇ ಇಲ್ಲ. ತರ್ಕ ಪೂರಾ ತಪ್ಪು, ಕಂಡದ್ದು ಮಾತ್ರ ಅರ್ಧ ಸರಿ. (ರಾಯಲ್ ಸೊಸೈಟಿ ಆ ಪತ್ರ ಅಚ್ಚು ಹಾಕುವಾಗ ಎಡ್ವರ್ಡ್ ಹೋಗಿ ಎಡ್ಮಂಡ್ ಆಯ್ತು. ಇಷ್ಟೆಲ್ಲ ಮಾಡಿದವರಿಗೆ ಹೆಸರೂ ನೆಟ್ಟಗೆ ಸಿಗಲಿಲ್ಲ.)

ನಿಮ್ಮಲ್ಲಿ ಕೆಲವರು ಕೇಳ್ತೀರಿ: ಇದೆಲ್ಲ ಜ್ವರದ ಕಥೆ ಆಯ್ತು, ಸಂಧಿವಾತ ಎಲ್ಲಿ? ಬರ್ತಾ ಇದ್ದೀನಿ. ಅದಕ್ಕೆ ಮೊದಲು ನಮ್ಮನೆ ಕಥೆ.

ಅವ್ವನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಗೊತ್ತಾಗಿದ್ದು 2018ರಲ್ಲಿ. ವಯಸ್ಸಾದ ಮೇಲೆ ಮೊಣಕಾಲು ಸವೆದು ಬರೋ ನೋವಲ್ಲ ಇದು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳೋ ಕಾಯಿಲೆ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟೋಕೆ ಆಗ್ತಿರಲಿಲ್ಲ. ರೊಟ್ಟಿ ಬಡಿಯೋದು ನಿಂತಿತು. ನಮ್ಮ ಕಡೆಯವರಿಗೆ ಗೊತ್ತು, ಮನೆಯಲ್ಲಿ ರೊಟ್ಟಿ ಸಪ್ಪಳ ನಿಂತರೆ ಏನೋ ಆಗಿದೆ ಅಂತಲೇ ಅರ್ಥ. ಡಾಕ್ಟರ್ರು ಎರಡು ಮುಖ್ಯ ಗುಳಿಗೆ ಬರೆದರು. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನಾ ಹೈಡ್ರಾಕ್ಸಿಕ್ಲೋರೊಕ್ವಿನ್. ಆರು ತಿಂಗಳಲ್ಲಿ ರೊಟ್ಟಿ ಸಪ್ಪಳ ವಾಪಸ್ ಬಂತು.

ಆಮೇಲೆ 2020ರ ಮಾರ್ಚ್. ಲಾಕ್‌ಡೌನ್. ಕೊರೊನಾಕ್ಕೆ ಹೈಡ್ರಾಕ್ಸಿಕ್ಲೋರೊಕ್ವಿನ್ ಮದ್ದು ಅಂತ ಸುದ್ದಿ ಹಬ್ಬಿ ಜನ ಡಬ್ಬಗಟ್ಟಲೆ ಕೊಂಡರು. ಮಾರ್ಚ್ 26ಕ್ಕೆ ಸರ್ಕಾರ ಅದನ್ನ ಎಚ್1 ಪಟ್ಟಿಗೆ ಸೇರಿಸಿತು, ಚೀಟಿ ಇಲ್ಲದೆ ಮಾರಬಾರದು ಅಂತ. ನಮ್ಮೂರಿನ ಅಂಗಡಿಯಲ್ಲಿ ಚೀಟಿ ಇದ್ದರೂ ಗುಳಿಗೆ ಇರಲಿಲ್ಲ. ನಾನು ಇಲ್ಲಿ ಪುಣೆಯಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ದೆ. ಫೋನಿನಲ್ಲಿ 'ಸಿಗುತ್ತೆ ತಡೀ ಅವ್ವಾ' ಅಂತ ಹೇಳೋದಷ್ಟೇ ನನ್ನ ಕೈಲಾಗಿದ್ದು. ಆ ಹೊತ್ತಿಗೆ ದೊಡ್ಡವ್ವ ಒಂದು ಪುಡಿ ತಂದುಕೊಟ್ಟಳು. ಯಾವುದೋ ಮರದ ಚಕ್ಕೆ ಕುಟ್ಟಿದ್ದು, ಬಿಸಿನೀರಲ್ಲಿ ಎರಡು ಹೊತ್ತು. ಕೊಟ್ಟವರು ಬೇರೆ ಗುಳಿಗೆ ಎಲ್ಲ ನಿಲ್ಲಿಸಬೇಕು ಅಂದಿದ್ದರಂತೆ. ಅವ್ವ ಎರಡನ್ನೂ ನಿಲ್ಲಿಸಿದಳು. ನನಗೆ ಹೇಳಲಿಲ್ಲ.

ಹೇಳಲೇಬೇಕಾದ್ದು ಇದು: ಮೊದಲ ಎರಡು ತಿಂಗಳು ಅವಳು ನಿಜವಾಗಿಯೂ ಆರಾಮ ಇದ್ದಳು. ಫೋನಿನಲ್ಲಿ ದನಿ ಗೆಲುವಾಗಿತ್ತು. ಇದನ್ನ ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದು ಓದಿ.

ಹತ್ತೊಂಬತ್ತನೇ ಶತಮಾನಕ್ಕೆ ಬರೋಣ. 1828ರಲ್ಲಿ ಮ್ಯೂನಿಕ್‌ನ ಬುಕ್ನರ್ ವಿಲ್ಲೋ ತೊಗಟೆಯಿಂದ ಹಳದಿ ಬಣ್ಣದ ಕಹಿ ಸತ್ವ ತೆಗೆದು ಸ್ಯಾಲಿಸಿನ್ ಅಂತ ಹೆಸರಿಟ್ಟರು. ಮರುವರ್ಷ ಫ್ರಾನ್ಸಿನ ಲೆರೂ ಅದನ್ನ ಹರಳಿನ ರೂಪಕ್ಕೆ ತಂದರು. 1838ರಲ್ಲಿ ಇಟಲಿಯ ಪಿರಿಯಾ ಅದರಿಂದ ಸ್ಯಾಲಿಸಿಲಿಕ್ ಆಮ್ಲ ಪಡೆದರು. ಮದ್ದಿನ ಸತ್ವ ಬಾಟಲಿಗೆ ಬಂತು. ಆದರೆ ಅದು ಯಾವ ಕಾಯಿಲೆಗೆ ಕೆಲಸ ಮಾಡುತ್ತೆ ಅಂತ ಸರಿಯಾಗಿ ನೋಡೋಕೆ ಇನ್ನೂ ನಲವತ್ತು ವರ್ಷ ಬೇಕಾಯಿತು.

ಆ ಕಾಲದಲ್ಲಿ ಯುರೋಪ್, ಅಮೆರಿಕದ ಆಸ್ಪತ್ರೆಗಳಲ್ಲಿ ಕೀಲುವಾತದ ಜ್ವರ ತುಂಬಾ ಇತ್ತು, ರುಮಟಿಕ್ ಫೀವರ್. ಗಂಟಲು ಕೆಡುತ್ತೆ, ಕೆಲವು ವಾರದ ಮೇಲೆ ಜ್ವರ, ಮೊಣಕಾಲು, ಮಣಿಕಟ್ಟು, ಒಂದಾದ ಮೇಲೆ ಒಂದು ಕೀಲು ಊದುತ್ತೆ. ಹೃದಯಕ್ಕೂ ಹೊಡೆತ. ಹಾಸಿಗೆ ಬಟ್ಟೆ ತಾಗಿದರೂ ರೋಗಿ ಚೀರ್ತಿದ್ದ. ವೈದ್ಯರು ರಕ್ತ ತೆಗೆದರು, ಕ್ಷಾರ ಕುಡಿಸಿದರು, ಚರ್ಮದ ಮೇಲೆ ಬೊಬ್ಬೆ ಎಬ್ಬಿಸಿದರು, ಕ್ವಿನೈನ್ ಕೊಟ್ಟರು. ಪ್ರತಿಯೊಬ್ಬರಿಗೂ ತಮ್ಮ ಮದ್ದೇ ಗುಣ ಕೊಡ್ತಾ ಇದೆ ಅನ್ನೋ ನಂಬಿಕೆ.

1863ರಲ್ಲಿ ಅಮೆರಿಕದ ಆಸ್ಟಿನ್ ಫ್ಲಿಂಟ್ ಅನ್ನೋ ವೈದ್ಯ ಒಂದು ವಿಚಿತ್ರ ವರದಿ ಪ್ರಕಟಿಸಿದರು. ಕೀಲುವಾತದ 13 ರೋಗಿಗಳಿಗೆ ಅವರು ಮದ್ದೇ ಕೊಡಲಿಲ್ಲ. ಆದರೆ ರೋಗಿಗಳಿಗೆ ಮದ್ದು ಕೊಡ್ತಿದ್ದಾರೆ ಅನ್ನಿಸಬೇಕಲ್ಲ? ಕ್ವಾಸಿಯಾ ಅನ್ನೋ ಕಹಿ ಮರದ ಸಾರವನ್ನ ತೀರಾ ನೀರು ಮಾಡಿ ಕುಡಿಸಿದರು. ನಾಲಿಗೆಗೆ ಕಹಿ, ಮೈಗೆ ಏನೂ ಇಲ್ಲ. ಆ ರೋಗಿಗಳೂ ಉಳಿದವರ ಹಾಗೇ ಗುಣವಾದರು. ಲಂಡನ್ನಿನ ಗೈಸ್ ಆಸ್ಪತ್ರೆಯ ಗಲ್ ಮತ್ತು ಸಟನ್ ಅನ್ನೋರು 1865ರಲ್ಲಿ ಅಂಥದ್ದೇ ಇನ್ನೊಂದು ವರದಿ ಬರೆದರು. ಅವರು ಕೊಟ್ಟಿದ್ದು ಪುದೀನ ನೀರು.

ಪುದೀನ ನೀರು ಮದ್ದು ಅಂತ ಸಾಬೀತು ಮಾಡೋಕೆ ಅವರು ಇದನ್ನ ಮಾಡಲಿಲ್ಲ. ಈ ಕಾಯಿಲೆ ತನ್ನಷ್ಟಕ್ಕೆ ಬಿಟ್ಟರೆ ಹೇಗೆ ಏರುತ್ತೆ, ಹೇಗೆ ಇಳಿಯುತ್ತೆ ಅಂತ ನೋಡೋಕೆ ಮಾಡಿದರು. ಅದು ಗೊತ್ತಿಲ್ಲದೆ 'ನನ್ನ ಮದ್ದಿನಿಂದ ವಾಸಿಯಾಯಿತು' ಅನ್ನೋ ಮಾತಿಗೆ ಅರ್ಥವೇ ಇಲ್ಲ. ನಮ್ಮ ಕೆಲಸದಲ್ಲೂ ಅಷ್ಟೇ ಅಲ್ವಾ? ಹೊಸ ಬಿಲ್ಡ್ ಹಾಕಿದ ಮೇಲೆ ಸರ್ವರ್ ಚುರುಕಾಯಿತು ಅಂತ ಡೆವಲಪರ್ ಕುಣೀತಾನೆ. ಅವತ್ತು ರಜೆ, ಬಳಕೆದಾರರೇ ಇರಲಿಲ್ಲ ಅಂತ ಆಮೇಲೆ ಗೊತ್ತಾಗುತ್ತೆ.

ನನ್ನ ಮಟ್ಟಿಗೆ ಈ ಇಡೀ ಕಥೆಯ ನಡುಗಂಬ ಆ 13 ಜನ ಮತ್ತು ಪುದೀನ ನೀರು. ಸ್ಟೋನ್ ಪಾದ್ರಿಯ ಐವತ್ತು ಜನರ ಹತ್ತಿರ ಇಲ್ಲದೇ ಇದ್ದದ್ದು ಇದೇ: ಹೋಲಿಸಿ ನೋಡೋಕೆ ಇನ್ನೊಂದು ಗುಂಪು.

ಈಗ ಡಂಡಿ. ಸ್ಕಾಟ್ಲೆಂಡಿನ ಊರು, ಬಂಗಾಳದ ಸೆಣಬು ಹಡಗಿನಲ್ಲಿ ಹೋಗಿ ಇಳೀತಿದ್ದ ಊರು. ಅಲ್ಲಿನ ವೈದ್ಯ ಥಾಮಸ್ ಮ್ಯಾಕ್ಲಗನ್ 1874ರಲ್ಲಿ ಕೀಲುವಾತದ ಜ್ವರಕ್ಕೆ ಸ್ಯಾಲಿಸಿನ್ ಕೊಡೋಕೆ ಶುರು ಮಾಡಿದರು. ಯಾಕೆ ಸ್ಯಾಲಿಸಿನ್ ಅಂತ ಕೇಳಿದರೆ ಮತ್ತೆ ಅದೇ ಪಾದ್ರಿಯ ತರ್ಕ! ಕೀಲುವಾತ ಬರೋದು ತೇವದ ತಂಪು ನೆಲದಲ್ಲಿ, ಮದ್ದೂ ಅಲ್ಲೇ ಇರಬೇಕು. ನೂರು ವರ್ಷ ಕಳೆದರೂ ತಪ್ಪು ತರ್ಕ ಬದಲಾಗಿರಲಿಲ್ಲ, ಮತ್ತೆ ಅದೇ ಮರದ ಹತ್ತಿರ ಕರಕೊಂಡು ಹೋಯಿತು. ನನಗೆ ಇದನ್ನ ಓದಿ ನಗು ಬಂತು.

ಆದರೆ ಮಾಡಿದ ಕ್ರಮ ಬೇರೆ. ಮೊದಲು ತಾವೇ ತಿಂದರು: 5 ಗ್ರೇನ್, ಆಮೇಲೆ 10, ಆಮೇಲೆ 30. ಏನೂ ತೊಂದರೆ ಆಗಲಿಲ್ಲ. ಆಮೇಲೆ ರೋಗಿಗೆ. ಥರ್ಮಾಮೀಟರ್ ಇಟ್ಟು ಜ್ವರ ಬರೆದುಕೊಂಡರು, ಯಾವ ಗಂಟೆಗೆ ಎಷ್ಟು ಕೊಟ್ಟೆ ಅಂತ ಬರೆದುಕೊಂಡರು. ವಾರಗಟ್ಟಲೆ ನರಳಬೇಕಾದವರ ಜ್ವರ, ನೋವು ಒಂದೆರಡು ದಿನದಲ್ಲೇ ಇಳಿಯಿತು. ಪುದೀನ ನೀರಿನ ವರದಿಗಳು ಮೊದಲೇ ಇದ್ದದ್ದಕ್ಕೇ ಈ 'ಒಂದೆರಡು ದಿನ'ಕ್ಕೆ ಬೆಲೆ ಬಂತು. 1876ರ ಮಾರ್ಚ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನ ಪ್ರಕಟಿಸಿತು. ಅದಕ್ಕೆ ಎರಡು ತಿಂಗಳ ಮೊದಲೇ ಬರ್ಲಿನ್ನಿನ ಸ್ಟ್ರಿಕರ್ ಸ್ಯಾಲಿಸಿಲಿಕ್ ಆಮ್ಲದಿಂದ ಅದೇ ಫಲ ಕಂಡಿದ್ದಾಗಿ ಬರೆದಿದ್ದರು. ಮುಂದಿನ ವರ್ಷ ಪ್ಯಾರಿಸ್‌ನ ಜೆರ್ಮೇನ್ ಸೇ ಅದನ್ನ ದೀರ್ಘಕಾಲದ ಕೀಲುನೋವಿಗೂ ಬಳಸಿ ನೋಡಿದರು. ಸಂಧಿವಾತ ನಮ್ಮ ಕಥೆಯೊಳಗೆ ಬಂದದ್ದು ಹೀಗೆ.

ಮ್ಯಾಕ್ಲಗನ್ ಲೇಖನ ಬಂದ ವರ್ಷವೇ ದಕ್ಷಿಣ ಆಫ್ರಿಕಾದಿಂದ ಒಬ್ಬ ವೈದ್ಯ ಲ್ಯಾನ್ಸೆಟ್‌ಗೆ ಪತ್ರ ಬರೆದರು. ಇಲ್ಲಿನ ಮೂಲನಿವಾಸಿಗಳು ವಿಲ್ಲೋ ಚಿಗುರಿನ ಕಷಾಯವನ್ನ ಕೀಲುವಾತಕ್ಕೆ ಬಹಳ ಹಿಂದಿನಿಂದ ಬಳಸ್ತಾ ಇದ್ದಾರೆ ಅಂತ. ಆ ಜನರ ಯಾರ ಹೆಸರೂ ಇತಿಹಾಸದಲ್ಲಿ ಉಳಿದಿಲ್ಲ. ಜನಪದ ವೈದ್ಯ ಅಂದರೆ ಬರೀ ಮೂಢನಂಬಿಕೆ ಅಂತ ಹೇಳೋರಿಗೆ ನಾನು ಈ ಪತ್ರದ ವಿಷಯ ಹೇಳ್ತೀನಿ.

ಆಸ್ಪಿರಿನ್ ಕಥೆ ನಿಮಗೆ ಗೊತ್ತಿರುತ್ತೆ, ಬೇಗ ಮುಗಿಸ್ತೀನಿ. ಸ್ಯಾಲಿಸಿಲಿಕ್ ಆಮ್ಲ ಹೊಟ್ಟೆ ಸುಡ್ತಿತ್ತು. 1897ರ ಆಗಸ್ಟ್‌ನಲ್ಲಿ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಅದರ ಸೌಮ್ಯ ರೂಪವನ್ನ ಶುದ್ಧವಾಗಿ ತಯಾರಿಸಿದರು. 1899ರಲ್ಲಿ ಆಸ್ಪಿರಿನ್ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅಪ್ಪನ ಸಂಧಿವಾತದ ನೋವು ನೋಡಲಾರದೆ ಮಗ ಕಂಡುಹಿಡಿದ ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತೆ. ಆ ಕಥೆ ಅಚ್ಚಾದದ್ದು 1934ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ. ಈ ಕೆಲಸ ನನ್ನ ಸೂಚನೆಯಂತೆ ನಡೆದದ್ದು ಅಂತ ಅದೇ ಕಂಪನಿಯಲ್ಲಿದ್ದ ಯಹೂದಿ ರಸಾಯನಶಾಸ್ತ್ರಜ್ಞ ಆರ್ಥರ್ ಐಶೆಂಗ್ರ್ಯೂನ್ 1949ರಲ್ಲಿ ಬರೆದರು. ನಡುವೆ ಅವರು ನಾಜಿಗಳ ಟೆರೆಜಿನ್‌ಸ್ಟಾಟ್ ಶಿಬಿರದಲ್ಲಿ ಇದ್ದು ಬಂದಿದ್ದರು. ಅಪ್ಪ-ಮಗನ ಕಥೆ ಚೆಂದ ಇದೆ, ಹಾಗಂತ ನಾನು ಅದನ್ನ ನಂಬಲ್ಲ. ಇನ್ನೊಂದು ತಿದ್ದುಪಡಿ: ಆಸ್ಪಿರಿನ್‌ನಲ್ಲಿ ವಿಲ್ಲೋ ಇಲ್ಲ. ಆ ಹೊತ್ತಿಗೆ ಸ್ಯಾಲಿಸಿಲಿಕ್ ಆಮ್ಲ ಕಾರ್ಖಾನೆಯಲ್ಲೇ ತಯಾರಾಗ್ತಿತ್ತು, ಮರ ಬೇಕಿರಲಿಲ್ಲ. ಇದು ನೋವನ್ನ ಹೇಗೆ ಇಳಿಸುತ್ತೆ ಅಂತ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಊತ, ನೋವು ಹುಟ್ಟಿಸೋ ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನ ಇದು ತಡೆಯುತ್ತೆ. ಅದಕ್ಕೆ 1982ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಹಾಗಾದರೆ ತೊಗಟೆಯನ್ನೇ ನೇರವಾಗಿ ಪರೀಕ್ಷೆ ಮಾಡಿದರೆ? ಮಾಡಿದ್ದಾರೆ. 2001ರಲ್ಲಿ ಜರ್ಮನಿಯಿಂದ ಒಂದು ವರದಿ ಬಂತು. ಮೊಣಕಾಲು, ಸೊಂಟದ ಕೀಲು ಸವೆದ 78 ಜನ, ಎರಡು ವಾರ. ಅರ್ಧ ಜನಕ್ಕೆ ದಿನಕ್ಕೆ 240 ಮಿಲಿಗ್ರಾಂ ಸ್ಯಾಲಿಸಿನ್ ಇರೋ ತೊಗಟೆ ಸಾರ, ಉಳಿದವರಿಗೆ ನೋಡೋಕೆ ಹಾಗೇ ಇರೋ ಖಾಲಿ ಗುಳಿಗೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಕೊಡೋರಿಗೂ ಗೊತ್ತಿಲ್ಲ. ತೊಗಟೆಯ ಗುಂಪಿಗೆ ನೋವು 14% ಇಳಿಯಿತು, ಖಾಲಿ ಗುಳಿಗೆಯವರಿಗೆ 2% ಏರಿತು. ಸಣ್ಣದಾದರೂ ಗುಣ ಇದೆ ಅನ್ನಿಸಿತು. 2004ರಲ್ಲಿ ಅಲ್ಲಿಂದಲೇ ಇನ್ನೊಂದು ವರದಿ, ಈ ಸಲ ಆರು ವಾರ. ಕೀಲು ಸವೆದ 127 ಜನರಲ್ಲಿ ತೊಗಟೆಯಿಂದ 17%, ಡೈಕ್ಲೊಫಿನಾಕ್ ಗುಳಿಗೆಯಿಂದ 47%, ಖಾಲಿ ಗುಳಿಗೆಯಿಂದ 10% ನೋವು ಇಳಿಯಿತು. 17 ಮತ್ತು 10ರ ನಡುವಿನ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಜೊತೆಗೆ ನಮ್ಮವ್ವನ ಕಾಯಿಲೆಯೇ ಇದ್ದ 26 ಜನರ ಮೇಲೂ ನೋಡಿದರು. ಅಲ್ಲೂ ಹೇಳಿಕೊಳ್ಳೋ ಹಾಗೆ ಏನೂ ಸಿಗಲಿಲ್ಲ.

ವಿಡಿಯೊದಲ್ಲಿ ಬಿಟ್ಟುಹೋದ ಲೆಕ್ಕ ಇದೇ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಮ್ಯಾಕ್ಲಗನ್ ತಮ್ಮ ಮೇಲೆ ಪ್ರಯೋಗಿಸಿಕೊಂಡ ಒಂದೇ ಡೋಸ್ 30 ಗ್ರೇನ್, ಹೆಚ್ಚುಕಡಿಮೆ 2 ಗ್ರಾಂ ಶುದ್ಧ ಸ್ಯಾಲಿಸಿನ್. ಜರ್ಮನಿಯವರು ಇಡೀ ದಿನಕ್ಕೆ ಕೊಟ್ಟಿದ್ದು ಅದರ ಎಂಟನೇ ಒಂದು ಪಾಲು. ಇನ್ನು ಸ್ಟೋನ್ ಪಾದ್ರಿ: ಒಂದು ಡ್ರಾಮ್ ಪುಡಿ ಅಂದರೆ 3.9 ಗ್ರಾಂ, ನಾಲ್ಕು ಗಂಟೆಗೊಮ್ಮೆ ಅಂದರೆ ದಿನಕ್ಕೆ ಆರು ಸಲ, ಒಟ್ಟು 23 ಗ್ರಾಂ ಚಿಲ್ಲರೆ. ತೊಗಟೆಯಲ್ಲಿ ನೂರಕ್ಕೆ ಒಂದು ಪಾಲು ಸ್ಯಾಲಿಸಿನ್ ಅಂತ ಇಟ್ಟುಕೊಂಡರೆ ಸಿಗೋದು 230 ಮಿಲಿಗ್ರಾಂ. 240ರ ಪಕ್ಕದಲ್ಲೇ! 250 ವರ್ಷದ ಅಂತರದಲ್ಲಿ ಪಾದ್ರಿಯ ಜರಡಿ ಪುಡಿಯೂ ಪ್ರಯೋಗಾಲಯದ ಗುಳಿಗೆಯೂ ಒಂದೇ ಅಂಕಿಗೆ ಬಂದು ನಿಂತಿವೆ. ಆದರೆ ವಿಲ್ಲೋದ ಜಾತಿ ಬದಲಾದರೆ ಈ ಶೇಕಡಾ ಎಷ್ಟೋ ಪಟ್ಟು ಬದಲಾಗುತ್ತೆ. ಕುಟ್ಟಿದ ಪುಡಿಯ ದೊಡ್ಡ ತೊಂದರೆ ಇದು. ಚಮಚ ಒಂದೇ, ಒಳಗಿನ ಸತ್ವ ಎಷ್ಟು ಅಂತ ಕೊಟ್ಟವರಿಗೂ ಗೊತ್ತಿರಲ್ಲ.

ನಮ್ಮ ದೇಶದಲ್ಲಿ ಪರೀಕ್ಷೆ ಆಗಿಲ್ವಾ ಅಂತ ಹಿಂದಿನ ವಿಡಿಯೊ ಕೆಳಗೆ ಹಲವರು ಸಿಟ್ಟಿನಿಂದ ಕೇಳಿದ್ದಿರಿ. ಆಗಿದೆ, ನಾನು ಕೂತಿರೋ ಈ ಊರಲ್ಲೇ ಆಗಿದೆ. ಪುಣೆಯ ಸಂಧಿವಾತ ತಜ್ಞ ಡಾ. ಅರವಿಂದ್ ಚೋಪ್ರಾ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಇರೋ 182 ಜನ ಇದ್ದರು, 16 ವಾರ. ಮದ್ದಿನಲ್ಲಿ ಅಶ್ವಗಂಧ, ಶುಂಠಿ, ಅರಿಶಿನ ಮತ್ತು ಶಲ್ಲಕಿ. ಶಲ್ಲಕಿ ಅಂದರೆ ಮರದ ತೊಗಟೆ ಗೀರಿದಾಗ ಒಸರೋ ಅಂಟು, ಹಾಗಾಗಿ ನಮ್ಮ ವಿಷಯದ ಸೋದರಸಂಬಂಧಿ. ಮದ್ದು ತಿಂದವರು ಸುಧಾರಿಸಿದರು. ಖಾಲಿ ಗುಳಿಗೆ ತಿಂದವರೂ ಬಹಳಷ್ಟು ಸುಧಾರಿಸಿದರು! ಹಾಗಾಗಿ ಹೆಚ್ಚಿನ ಅಳತೆಗಳಲ್ಲಿ ವ್ಯತ್ಯಾಸ ಖಚಿತ ಅಂತ ಹೇಳೋಕೆ ಆಗಲಿಲ್ಲ. ಅದನ್ನ ಮುಚ್ಚಿಡದೆ ಬರೆದರು. ಅದೇ ತಂಡ 2013ರಲ್ಲಿ ಮೊಣಕಾಲು ಸವೆದ 440 ಜನರ ಮೇಲೆ 24 ವಾರದ ಪರೀಕ್ಷೆಯ ಫಲ ಪ್ರಕಟಿಸಿತು. ಅಲ್ಲಿ ಆಯುರ್ವೇದದ ಮಿಶ್ರಣಗಳು ಸೆಲೆಕಾಕ್ಸಿಬ್ ಗುಳಿಗೆಗೆ ಸಮನಾಗಿ ನಿಂತವು. ಕೆಲವರಲ್ಲಿ ಲಿವರ್ ಅಂಕಿ ಏರಿತು ಅನ್ನೋದನ್ನೂ ಬರೆದರು. ನನ್ನ ಪ್ರಕಾರ ಆಯುರ್ವೇದಕ್ಕೆ ಇದಕ್ಕಿಂತ ದೊಡ್ಡ ಗೌರವ ಇಲ್ಲ. ಪರೀಕ್ಷೆಗೆ ನಿಲ್ಲಿಸೋದೇ ಗೌರವ.

ಈಗ ಅವ್ವ. ಆ ವರ್ಷ ಡಿಸೆಂಬರ್‌ನಲ್ಲಿ ಊರಿಗೆ ಹೋದೆ. ಚಹಾ ಕಪ್ಪನ್ನ ಎರಡು ಅಂಗೈ ನಡುವೆ ಒತ್ತಿ ಹಿಡಿದುಕೊಂಡು ಬಂದಳು. ಬಲಗೈಯ ಬೆರಳು ಕಿರುಬೆರಳಿನ ಕಡೆಗೆ ವಾಲಿದ್ದವು. ಆಗ ಹೇಳಿದಳು, ಎಂಟು ತಿಂಗಳಿಂದ ಗುಳಿಗೆ ಬಿಟ್ಟಿದ್ದೀನಿ ಅಂತ. ನಾನು ಕೂಗಾಡಿದೆ. ಪ್ಲಾಸಿಬೊ, ಟ್ರಯಲ್, ಕಂಟ್ರೋಲ್ ಅಂತ ಏನೇನೋ ಅಂದೆ. ಸುಮ್ಮನೆ ಕೇಳಿದಳು. ಆಮೇಲೆ ಅಂದಳು: 'ನೀ ಪುಸ್ತಕ ನಂಬ್ತಿ, ನಾ ನನ್ನ ಮೈ ನಂಬೇನಿ. ಎರಡ ತಿಂಗಳ ಛಲೋ ಇದ್ನಿ. ಅದು ಸುಳ್ಳೇನು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಳ್ಳಲ್ಲ ಅದು. ಈ ಕಾಯಿಲೆ ತಾನಾಗೇ ಏರುತ್ತೆ, ತಾನಾಗೇ ಇಳಿಯುತ್ತೆ. ಮೆಥೋಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್ ಎರಡರ ಪರಿಣಾಮವೂ ನಿಲ್ಲಿಸಿದ ಮರುದಿನವೇ ಹೋಗಿಬಿಡಲ್ಲ, ವಾರಗಟ್ಟಲೆ ಉಳಿಯುತ್ತೆ. ಮೊದಲಿನ ಗುಳಿಗೆಗಳು ಮಾಡಿದ ಕೆಲಸದ ಹೆಸರು ಪುಡಿಗೆ ಹೋಗಿರಬಹುದು. ಪುಡಿಯಲ್ಲೇ ನೋವು ಇಳಿಸೋ ಏನೋ ಇದ್ದಿರಲೂಬಹುದು. ಆದರೆ ನೋವು ಇಳಿಯೋದು ಬೇರೆ, ಕೀಲು ಹಾಳಾಗೋದು ನಿಲ್ಲೋದು ಬೇರೆ. ಹೋಲಿಸೋಕೆ ಪುಡಿ ತಿನ್ನದ ಇನ್ನೊಬ್ಬ ಅವ್ವ ನನಗಿರಲಿಲ್ಲ.

ಮತ್ತೆ ಡಾಕ್ಟರ್ರ ಹತ್ತಿರ ಕರಕೊಂಡು ಹೋದೆ. ಅವರು ಬೈಯಲಿಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ. ಔಷಧಿ ಮತ್ತೆ ಶುರುವಾಯಿತು. ಆದರೆ ಅವ್ವನ ಮನಸ್ಸು ಗುಳಿಗೆ ಮೇಲೆ ಇರಲಿಲ್ಲ. ಒಂದು ರಾತ್ರಿ ಕೂತು ಅವಳಿಗೆ ಪೆರುವಿನ ತೊಗಟೆಯ ಕಥೆ ಹೇಳಿದೆ, ನಮಗೆ ತಿಳಿದ ಜಾಗದಿಂದಲೇ ಶುರುಮಾಡಿ. ಮೈಸೂರಿಂದ ಊಟಿಗೆ ಬಂಡೀಪುರ, ಗುಡಲೂರು ಮೇಲೆ ಹೋದರೆ ನಡುವಟ್ಟಂ ಸಿಗುತ್ತಲ್ಲ, ಅಣ್ಣನ ಮದುವೆಯಾದ ವರ್ಷ ಎಲ್ಲರೂ ಬಸ್ಸಿನಲ್ಲಿ ಹೋಗುವಾಗ ಅವಳಿಗೆ ವಾಂತಿಯಾದ ಊರು. ಬ್ರಿಟಿಷರು 1860ರ ದಶಕದಲ್ಲಿ ಅಲ್ಲಿ ಸಿಂಕೋನಾ ನೆಟ್ಟರು. ಅದರಲ್ಲಿ ಕ್ವಿನೈನ್ ಒಂದೇ ಅಲ್ಲ, ಇನ್ನೂ ಮೂರು ಮುಖ್ಯ ಸತ್ವ ಇವೆ. 1866ರಿಂದ ಮದ್ರಾಸ್, ಬಾಂಬೆ, ಕಲ್ಕತ್ತಾ ಪ್ರೆಸಿಡೆನ್ಸಿಗಳಲ್ಲಿ ಸಮಿತಿ ಮಾಡಿ ನಾಲ್ಕನ್ನೂ ಜ್ವರದ ರೋಗಿಗಳ ಮೇಲೆ ಹೋಲಿಸಿ ನೋಡಿದರು. ಅಗ್ಗದ ಸತ್ವಗಳೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡ್ತವೆ ಅಂತ ಗೊತ್ತಾಯಿತು. ಮುಂದೆ ಕ್ವಿನೈನ್‌ಗೆ ಬದಲಿ ಹುಡುಕ್ತಾ ಕಾರ್ಖಾನೆಯಲ್ಲಿ ಮೆಪಾಕ್ರಿನ್ ಬಂತು, ಕ್ಲೋರೊಕ್ವಿನ್ ಬಂತು. ಎರಡನೇ ಮಹಾಯುದ್ಧದಲ್ಲಿ ಮಲೇರಿಯಾ ಬರದಿರಲಿ ಅಂತ ಸೈನಿಕರಿಗೆ ಮೆಪಾಕ್ರಿನ್ ಕೊಟ್ಟರು. ಕೆಲವರ ಚರ್ಮದ ಕಾಯಿಲೆ, ಕೀಲುನೋವು ಅದರಿಂದ ಇಳಿದದ್ದು ಕಂಡಿತು. 1951ರಲ್ಲಿ ಪೇಜ್ ಅನ್ನೋ ವೈದ್ಯ ಲೂಪಸ್ ರೋಗಿಗಳಿಗೆ ಅದನ್ನೇ ಕೊಟ್ಟ ಫಲವನ್ನ ಲ್ಯಾನ್ಸೆಟ್‌ನಲ್ಲಿ ಬರೆದರು. ಅದೇ ವಂಶದಲ್ಲಿ ಆಮೇಲೆ ಬಂದದ್ದು ಹೈಡ್ರಾಕ್ಸಿಕ್ಲೋರೊಕ್ವಿನ್. 1995ರಲ್ಲಿ ಕೆನಡಾದವರು ಸಂಧಿವಾತ ಶುರುವಾಗಿದ್ದ 120 ಜನರ ಮೇಲೆ 36 ವಾರ ಖಾಲಿ ಗುಳಿಗೆಯ ಜೊತೆ ಹೋಲಿಸಿ ನೋಡಿದರು. ಗುಣ ಇದೆ ಅಂತ ಖಚಿತವಾಯಿತು. ಮಾಯಾಮಂತ್ರ ಅಲ್ಲ, ಸಾಧಾರಣ ಗುಣ, ಆದರೆ ಹೋಲಿಸಿ ಕಂಡ ಗುಣ.

ಪಾದ್ರಿ ಸ್ಟೋನ್ ಎರಡು ಕಹಿ ತೊಗಟೆಗಳನ್ನ ಚಳಿಜ್ವರದ ಹೆಸರಲ್ಲಿ ಜೋಡಿ ಮಾಡಿದ್ದರು. ಒಂದರ ದಾರಿಯಿಂದ ನೋವಿನ ಗುಳಿಗೆಗಳು ಬಂದವು, ಇನ್ನೊಂದರ ದಾರಿಯಿಂದ ನಮ್ಮವ್ವನ ಗುಳಿಗೆ. ಎರಡೂ ಕೊನೆಗೆ ಕೀಲಿನ ಬಾಗಿಲಿಗೇ ಬಂದವು.

ಕಥೆ ಮುಗಿದ ಮೇಲೆ ಅವ್ವ ಗುಳಿಗೆಯ ಹಾಳೆಯನ್ನ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. 'ಅಂದ್ರ ಇದೂ ಚಕ್ಕಿದ?' ಅಂದಳು. 'ಚಕ್ಕೆದಲ್ಲ ಅವ್ವಾ, ಚಕ್ಕೆ ನೋಡಿ ಕಲಿತು ಮಾಡಿದ್ದು' ಅಂದೆ. 'ಮದಲ ಇದನ್ನ ಹೇಳಬೇಕಿಲ್ಲೇನ' ಅಂದಳು.

ವಾಲಿದ ಬೆರಳು ನೆಟ್ಟಗಾಗಲಿಲ್ಲ, ಆಗೋದೂ ಇಲ್ಲ. ಡಾಕ್ಟರ್ರು ಅವಳಿಗೆ ಒಂದು ಕೆಲಸ ಕೊಟ್ಟಿದ್ದಾರೆ: ಬೆಳಿಗ್ಗೆ ಎದ್ದ ಮೇಲೆ ಬಿಗಿತ ಬಿಟ್ಟು ಮುಷ್ಟಿ ಕಟ್ಟೋಕೆ ಎಷ್ಟು ನಿಮಿಷ ಆಗುತ್ತೆ ಅಂತ ಬರೆದಿಡೋದು. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಕೆಳಗೆ ಬರೀತಾಳೆ. ಗುಳಿಗೆ ಮರೆತ ದಿನಕ್ಕೆ ಸುತ್ತು ಹಾಕ್ತಾಳೆ, ಅದು ನಾನು ಹೇಳಿಕೊಟ್ಟದ್ದಲ್ಲ. ಶನಿವಾರ ಫೋನ್ ಮಾಡಿದಾಗ ಏಳೂ ದಿನದ್ದು ಓದಿ ಹೇಳ್ತಾಳೆ, ನಾನು ಶೀಟಿಗೆ ಹಾಕ್ತೀನಿ. ಹೋದ ವಾರದ್ದು: 40, 35, 35, 50, 30, 35, 25. ಐವತ್ತರ ದಿನ ದೊಡ್ಡವ್ವನ ಮನೆಯಲ್ಲಿ ಸೀಮಂತ ಇತ್ತಂತೆ, ರಾತ್ರಿಯೆಲ್ಲ ಹೋಳಿಗೆ ತಟ್ಟಿದ್ದಳಂತೆ.